ಅಣ್ಣ-ಅಕ್ಕಂದಿರ ಹೊಣೆ

ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿರುವ ಗೋಗಿ ಇತಿಹಾಸದಲ್ಲಿ ಹೆಸರು ಪಡೆದ ಗ್ರಾಮ. ವಿಜಯಪುರದ ಆದಿಲ್‌ಶಾಹಿ ಅರಸೊತ್ತಿಗೆಯನ್ನು ಸ್ಥಾಪಿಸಿದ ಯೂಸುಫ್ ಆದಿಲ್‌ಶಾಹನ ಸಮಾಧಿ ಇರುವುದು ಅವನ ರಾಜಧಾನಿಯಲ್ಲಲ್ಲ, ಈ ಗೋಗಿಯಲ್ಲಿ. ಅವನು ಗುರುವೆಂದು ಗೌರವಿಸುತ್ತಿದ್ದ ಸೂಫಿ ಸಂತ ಚಂದಾ ಹುಸೇನಿಯ ದರ್ಗಾದ ಸನಿಹದಲ್ಲಿಯೇ, 16ನೆಯ ಶತಮಾನದ ಆರಂಭದಲ್ಲಿ, ಅವನ ಸಮಾಧಿಯಾಯಿತು. ಸೈನ್ಯವನ್ನೂ ಸಿಂಹಾಸನವನ್ನೂ ಪಡೆದಿದ್ದ ಅರಸನಿಗೂ ಹಾದಿ ತೋರುವ ಹಿರಿಯನೊಬ್ಬ ಬೇಕಾಗಿದ್ದನೆಂದ ಮೇಲೆ, ಇನ್ನೂ ಮೀಸೆ ಚಿಗುರದ ಹುಡುಗನಿಗೆ, ಲೋಕದ ಕಪಟವನ್ನರಿಯದ ಹುಡುಗಿಗೆ, ಅಂತಹ ಹಿರಿಯರು ಬೇಡವೇ? ಬೇಕು ಎಂಬುದರಲ್ಲಿ ಸಂದೇಹವಿಲ್ಲ. ಆ ಹಿರಿಯರು ಯಾರಾಗಬೇಕು ಎಂಬುದೇ ಇಂದಿನ ಪ್ರಶ್ನೆ. ಮಾದಕ ವಸ್ತುಗಳ ವಿಷಯದಲ್ಲಿಯಂತೂ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಊರುಗಳ ಮಕ್ಕಳನ್ನು ಕಾಪಾಡುವುದು ಸಾಧ್ಯವಿಲ್ಲ.

ಕೃಷ್ಣೆ ಮತ್ತು ಭೀಮೆಯರ ತೀರದ ಶಹಾಪುರ, ಸುರಪುರ, ಯಾದಗಿರಿಗಳ ಈ ಸೀಮೆಯು ದುಡಿಮೆಗೆ ಹೆಸರಾದುದು. ನಾರಾಯಣಪುರ ಜಲಾಶಯದ ಕಾಲುವೆಗಳು ಹರಿದ ಮೇಲೆ ಇಲ್ಲಿಯ ಹೊಲಗಳಲ್ಲಿ ಭತ್ತ ತೂಗಿತು. ಹತ್ತಿ, ತೊಗರಿ, ಮೆಣಸಿನಕಾಯಿಗಳು ರೈತನ ಕೈ ಹಿಡಿದವು. ಆದರೂ ನೀರು ಹರಿದಷ್ಟು ವೇಗವಾಗಿ ಅಕ್ಷರ ಹರಿಯಲಿಲ್ಲ. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡ 51.83, ರಾಜ್ಯದ ಎಲ್ಲ ಜಿಲ್ಲೆಗಳಲ್ಲಿ ಅದೇ ಅತ್ಯಂತ ಕಡಿಮೆ. ಎಂದರೆ ಇಲ್ಲಿಯ ಶಾಲೆಗಳಲ್ಲಿ ಕುಳಿತಿರುವ ಎಷ್ಟೋ ಮಕ್ಕಳು ತಮ್ಮ ಮನೆತನದಲ್ಲಿ ಮೊಟ್ಟಮೊದಲು ಪ್ರೌಢಶಾಲೆಯ ಮೆಟ್ಟಿಲು ಹತ್ತಿದವರು. ಅಂತಹ ಒಂದು ಮಗು ವ್ಯಸನಕ್ಕೆ ಸಿಕ್ಕಿ ಶಾಲೆ ಬಿಟ್ಟರೆ ನಷ್ಟವಾಗುವುದು ಒಬ್ಬನ ವಿದ್ಯೆಯಷ್ಟೇ ಅಲ್ಲ. ತಲೆಮಾರುಗಳ ಕನಸು ಮತ್ತೊಮ್ಮೆ ಹೊಸ್ತಿಲಾಚೆಯೇ ನಿಂತುಬಿಡುತ್ತದೆ.

ವ್ಯಸನವು ಮನೆಯೊಳಗೆ ಬರುವ ರೀತಿಯನ್ನು ಮೊದಲು ಅರಿಯಬೇಕು. ಅದು ಕಳ್ಳನಂತೆ ಗೋಡೆ ಕೊರೆದು ಬರುವುದಿಲ್ಲ. ಗೆಳೆಯನ ವೇಷ ತೊಟ್ಟು ಮುಂಬಾಗಿಲಿನಿಂದಲೇ ಬರುತ್ತದೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಬಹುದು. ಹತ್ತಿ ಬಿಡಿಸುವ ಕಾಲ. ಮನೆಯವರೊಡನೆ ಅವನೂ ಹೊಲಕ್ಕೆ ಹೋಗುತ್ತಾನೆ. ಸಂಜೆ ಕೂಲಿಯ ಹಣದಲ್ಲಿ ಸ್ವಲ್ಪ ಭಾಗ ಅವನ ಕೈಗೂ ಬರುತ್ತದೆ. ದಾರಿಯಲ್ಲಿ ಪಾನ್ ಅಂಗಡಿ. ಅಲ್ಲಿ ಮಾಲೆಯಂತೆ ತೂಗುವ ಬಣ್ಣಬಣ್ಣದ ಚೀಟಿಗಳು. ತನಗಿಂತ ಎರಡು ವರ್ಷ ದೊಡ್ಡವನಾದ ಜೊತೆಗಾರನೊಬ್ಬ ಒಂದು ಚೀಟಿಯನ್ನು ಹರಿದು, “ಒಂದ್ ಸಲ ಬಾಯಾಗ ಹಾಕ್ಕೋ ತಮ್ಮಾ, ಏನೂ ಆಗಂಗಿಲ್ಲ” ಎನ್ನುತ್ತಾನೆ. ಹುಡುಗನಿಗೆ ಬೇಡವೆನ್ನುವ ಮನಸ್ಸಿದೆ. ಆದರೆ ಬೇಡವೆಂದರೆ ಇವನಿನ್ನೂ ಚಿಕ್ಕವನೆಂದು ಉಳಿದವರು ನಗುತ್ತಾರೆಂಬ ಅಂಜಿಕೆಯೂ ಇದೆ. ಆ ಒಂದು ಕ್ಷಣದಲ್ಲಿ ಅಂಜಿಕೆ ಗೆಲ್ಲುತ್ತದೆ.

ಈ ಚಿಕ್ಕ ಘಟನೆಯಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಚೀಟಿಯನ್ನು ಕೊಟ್ಟವನು ಅಪರಿಚಿತ ದುಷ್ಟನಲ್ಲ. ಒಟ್ಟಿಗೆ ಆಡಿದ, ಒಟ್ಟಿಗೆ ದುಡಿದ ಒಡನಾಡಿ. ಅವನ ಮಾತಿನಲ್ಲಿ ದ್ವೇಷವಿರಲಿಲ್ಲ, ಸಲಿಗೆಯಿತ್ತು. ಸಾಮಾನ್ಯವಾಗಿ ಮೊದಲ ಬೀಡಿ, ಮೊದಲ ಗುಟ್ಕಾ, ಮೊದಲ ಗುಟುಕು ಬರುವುದು ಇಂತಹ ಪರಿಚಿತರ ಕೈಯಿಂದಲೇ. ಸ್ನೇಹದ ಮೂಲಕ ಬರುವ ವಿಪತ್ತನ್ನು ತಡೆಯುವ ಶಕ್ತಿ ಇನ್ನೊಂದು ಸ್ನೇಹಕ್ಕೆ ಮಾತ್ರ ಇರುತ್ತದೆ. ಕಾಲೇಜಿನ ತರುಣ ತರುಣಿಯರು ಶಾಲೆಯ ಕಿರಿಯರ ನೆರವಿಗೆ ಬರಬೇಕೆಂಬ ವಿಚಾರಕ್ಕೆ ಆಧಾರವಾಗಿರುವುದು ಈ ಸರಳ ಸತ್ಯ.

ಮಾದಕ ವಸ್ತು ಎಂದೊಡನೆ ದೂರದ ಮಹಾನಗರಗಳ ಹೆಸರುಗಳು ನೆನಪಾಗುತ್ತವೆ. ಹಳ್ಳಿಯ ಮಗುವಿಗೆ ಅಪಾಯವು ಅಷ್ಟು ದೂರದಿಂದ ಬರಬೇಕಾಗಿಲ್ಲ. ತಂಬಾಕು, ಮದ್ಯ, ಗಾಂಜಾ, ಮೂಸುವ ರಾಸಾಯನಿಕಗಳು, ಇವೆಲ್ಲವೂ ಒಂದೇ ಏಣಿಯ ಮೆಟ್ಟಿಲುಗಳಾಗಬಲ್ಲವು. 2016-17ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇಕಡ 22.8ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ವರದಿಯೊಂದು ಇನ್ನೂ ಕಳವಳಕಾರಿಯಾದ ಸಂಗತಿಯನ್ನು ಹೊರಗೆಡಹಿತು. ಮೂಸುವ ರಾಸಾಯನಿಕಗಳ ಬಳಕೆ ದೊಡ್ಡವರಲ್ಲಿ ಶೇಕಡ 0.58ರಷ್ಟಿದ್ದರೆ, ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇಕಡ 1.17ರಷ್ಟಿತ್ತು. ಉಳಿದೆಲ್ಲ ಮಾದಕ ವಸ್ತುಗಳಲ್ಲಿ ದೊಡ್ಡವರು ಮುಂದೆ. ಇದೊಂದರಲ್ಲಿ ಮಾತ್ರ ಮಕ್ಕಳೇ ಮುಂದೆ. ಶೇಕಡಾವಾರು ಚಿಕ್ಕದಾಗಿ ಕಾಣಬಹುದು; ಆದರೆ ದೇಶದ ಮಕ್ಕಳ ಸಂಖ್ಯೆಯೊಡನೆ ಅದನ್ನು ಗುಣಿಸಿದಾಗ ಲಕ್ಷಗಟ್ಟಲೆ ಮುಖಗಳು ಕಣ್ಣೆದುರು ನಿಲ್ಲುತ್ತವೆ.

ಎಳೆಯ ದೇಹಕ್ಕೆ ಈ ವಸ್ತುಗಳು ಮಾಡುವ ಹಾನಿ ದೊಡ್ಡವರಿಗಾಗುವ ಹಾನಿಗಿಂತ ಹೆಚ್ಚಿನದು. ಮನುಷ್ಯನ ಮೆದುಳಿನಲ್ಲಿ ಮುಂದಾಲೋಚನೆ, ಸಂಯಮ, ವಿವೇಚನೆಗಳನ್ನು ನಡೆಸುವ ಮುಂಭಾಗವು ಪೂರ್ಣವಾಗಿ ಬಲಿಯುವುದು ಸುಮಾರು 25ನೆಯ ವಯಸ್ಸಿಗೆ. ಸುಖವನ್ನು ಬಯಸುವ ಭಾಗಗಳಾದರೋ ಅದಕ್ಕೆ ಬಹಳ ಮುಂಚೆಯೇ ಚುರುಕಾಗುತ್ತವೆ. ಬಂಡಿಗೆ ಎತ್ತು ಕಟ್ಟಿ ಹಗ್ಗ ಹಾಕುವುದನ್ನು ಮರೆತಂತಹ ಸ್ಥಿತಿ ಅದು. ತಂಬಾಕಿನಲ್ಲಿರುವ ನಿಕೋಟಿನ್ ಈ ಎಳೆಯ ಮೆದುಳಿಗೆ ಒಮ್ಮೆ ರುಚಿ ಹತ್ತಿಸಿದರೆ ಅದು ಮತ್ತೆ ಮತ್ತೆ ಅದನ್ನೇ ಕೇಳುತ್ತದೆ. ಕೊಡದಿದ್ದರೆ ಸಿಡುಕು, ಚಡಪಡಿಕೆ, ಓದಿನಲ್ಲಿ ಮನಸ್ಸು ನಿಲ್ಲದಿರುವಿಕೆ. ಅಡಿಕೆ ಮತ್ತು ತಂಬಾಕನ್ನು ಸದಾ ಜಗಿಯುವವರಲ್ಲಿ ಬಾಯಿಯ ಒಳಪದರವು ಬಿಗಿದು, ತುತ್ತು ಹಾಕಿಕೊಳ್ಳಲೂ ಬಾಯಿ ತೆರೆಯದಂತಹ ರೋಗ ಕಾಣಿಸಿಕೊಳ್ಳುತ್ತದೆ. ಮುಂದೆ ಅದು ಕ್ಯಾನ್ಸರಿಗೆ ತಿರುಗುವುದುಂಟು. ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಬಾಯಿಯದೇ. ಕೆಲವು ರೂಪಾಯಿಗಳ ಚೀಟಿಯಿಂದ ಆರಂಭವಾದ ಹಾದಿ, ಹೊಲ ಮಾರಿ ಆಸ್ಪತ್ರೆಗೆ ಅಲೆಯುವಲ್ಲಿಗೆ ಮುಟ್ಟಬಹುದು.

ಇದನ್ನೆಲ್ಲ ತಡೆಯಲು ಕಾನೂನುಗಳು ಇಲ್ಲವೆಂದಲ್ಲ. ಮಾದಕ ದ್ರವ್ಯಗಳ ವಿರುದ್ಧ ದೇಶದಲ್ಲಿ 1985ರ ಕಾಯಿದೆಯಿದೆ. 2003ರ ತಂಬಾಕು ನಿಯಂತ್ರಣ ಕಾಯಿದೆಯು 18 ವರ್ಷ ತುಂಬದವರಿಗೆ ತಂಬಾಕನ್ನು ಮಾರುವುದನ್ನೂ, ಶಾಲಾ ಕಾಲೇಜುಗಳ ಸುತ್ತ 100 ಗಜದೊಳಗೆ ಮಾರುವುದನ್ನೂ ನಿಷೇಧಿಸಿತು. ಕರ್ನಾಟಕವು ಮುಂದೆ ತಿದ್ದುಪಡಿಯ ಮೂಲಕ ಆ ವಯಸ್ಸನ್ನು 21ಕ್ಕೆ ಏರಿಸಿತು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕನ್ನು ಕೊಡುವವನಿಗೆ 7 ವರ್ಷಗಳವರೆಗೆ ಕಠಿಣ ಶಿಕ್ಷೆಯೂ ಒಂದು ಲಕ್ಷ ರೂಪಾಯಿಯವರೆಗೆ ದಂಡವೂ ಆಗಬಹುದು. ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಂತಿತು; 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಗುಟ್ಕಾ ಎಂಬ ಹೆಸರು ನಿಷೇಧವಾದೊಡನೆ ಅಡಿಕೆಯ ಪುಡಿ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಬಂದವು; ಕೊಂಡವನು ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡ. ಚಾಪೆಯ ಕೆಳಗೆ ನುಸುಳಿದರೆ ರಂಗೋಲಿಯ ಕೆಳಗೆ ನುಸುಳಿದ ಎಂಬ ಗಾದೆ ಇಲ್ಲಿ ನಿಜವಾಯಿತು. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಿಸಬಲ್ಲದು; ಮಗುವಿನ ಮನಸ್ಸಿನ ಬಾಗಿಲನ್ನು ಕಾಯುವುದು ಅದರಿಂದಾಗದು.

ಹಾಗಾದರೆ ತಂದೆತಾಯಿಗಳು? ಅವರಿಗಿಂತ ಹೆಚ್ಚಾಗಿ ಮಗುವನ್ನು ಪ್ರೀತಿಸುವವರಾರು? ಆದರೆ ಈ ಸೀಮೆಯ ಬಡಕುಟುಂಬಗಳ ಬವಣೆಯನ್ನು ಮರೆಯಲಾಗದು. ಸುಗ್ಗಿ ಮುಗಿದ ಮೇಲೆ, ಮಳೆ ಕೈಕೊಟ್ಟ ವರ್ಷಗಳಲ್ಲಿ, ಎಷ್ಟೋ ಸಂಸಾರಗಳು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುತ್ತವೆ. ಮಕ್ಕಳು ಅಜ್ಜ-ಅಜ್ಜಿಯರ ಬಳಿ ಉಳಿಯುತ್ತಾರೆ, ಇಲ್ಲವೆ ಕಟ್ಟಡಗಳ ನೆರಳಿನಲ್ಲಿ ತಂದೆತಾಯಿಗಳೊಡನೆ ತಿಂಗಳುಗಟ್ಟಲೆ ಕಳೆದು ಬರುತ್ತಾರೆ. ಮರಳಿ ಬಂದಾಗ ಪಾಠಗಳು ಮುಂದೆ ಹೋಗಿರುತ್ತವೆ, ಮನಸ್ಸು ಹಿಂದೆ ಉಳಿದಿರುತ್ತದೆ. ಆ ಅಂತರದಲ್ಲಿಯೇ ವ್ಯಸನಕ್ಕೆ ಸಂದು ಸಿಗುವುದು. ಇನ್ನು ಅಧ್ಯಾಪಕರಾದರೋ ಪಾಠದ ಹೊರೆಯ ಜೊತೆಗೆ ನೂರಾರು ಮಕ್ಕಳನ್ನು ನೋಡಬೇಕಾದವರು. ಅಲ್ಲದೆ ಗುರುಗಳೆದುರು ತಪ್ಪನ್ನು ಒಪ್ಪಿಕೊಳ್ಳಲು ಮಗುವಿಗೆ ಭಯ. ಅಪ್ಪನೆದುರು ಹೇಳಲು ಇನ್ನೂ ಹೆಚ್ಚಿನ ಭಯ. ಹೇಳಿಕೊಳ್ಳಲು ಯಾರೂ ಇಲ್ಲದ ಮಾತು ಒಳಗೇ ಕೊಳೆಯುತ್ತದೆ.

ಈ ಕೊರತೆಯನ್ನು ತುಂಬಬಲ್ಲವರು ಕಾಲೇಜಿನ ವಿದ್ಯಾರ್ಥಿಗಳು. ಹತ್ತೊಂಬತ್ತು ಇಪ್ಪತ್ತರ ತರುಣನು ಹದಿನಾಲ್ಕರ ಹುಡುಗನಿಗೆ ದೊಡ್ಡವನೂ ಹೌದು, ತನ್ನವನೂ ಹೌದು. ಬೇಡವೆಂದರೆ ಗೆಳೆಯರು ನಗುತ್ತಾರೆಂಬ ಅಂಜಿಕೆಯನ್ನು ಅವನು ಮರೆತಿಲ್ಲ. ನಿನ್ನೆ ಮೊನ್ನೆಯಷ್ಟೇ ಅದನ್ನು ದಾಟಿ ಬಂದಿದ್ದಾನೆ. ಗೋಗಿಯಂತಹ ಊರಿನಿಂದ ಶಹಾಪುರದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ತರುಣನನ್ನು ಊರಿನ ಚಿಕ್ಕ ಹುಡುಗರು ಕಣ್ಣರಳಿಸಿ ನೋಡುತ್ತಾರೆ. ಅವನ ಅಂಗಿ, ಅವನ ಕೈಯ ಪುಸ್ತಕ, ಅವನು ಆಡುವ ಮಾತು ಎಲ್ಲವೂ ಅವರಿಗೆ ಮಾದರಿ. ಹೊಲಿಗೆಯ ಯಂತ್ರವನ್ನೋ ಅಡುಗೆಯ ಒಲೆಯನ್ನೋ ಬಿಟ್ಟು ಪದವಿ ತರಗತಿಗೆ ಹೊರಟ ತರುಣಿಯು ತನ್ನ ಓಣಿಯ ಹುಡುಗಿಯರಿಗೆ ಹೆಚ್ಚಿನ ಭರವಸೆಯಾಗಿ ಕಾಣುತ್ತಾಳೆ. ಇಂತಹ ಅಣ್ಣ, ಇಂತಹ ಅಕ್ಕ ಬೇಡವೆಂದು ಹೇಳಿದ ಒಂದು ಮಾತು, ದೊಡ್ಡವರ ಹತ್ತು ಉಪದೇಶಗಳಿಗಿಂತ ಆಳವಾಗಿ ನಾಟುತ್ತದೆ.

ಕಾಲೇಜಿನ ಯುವಜನರನ್ನು ಸೇವೆಗೆ ತೊಡಗಿಸುವ ವಿಚಾರ ಈ ದೇಶಕ್ಕೆ ಹೊಸದಲ್ಲ. ಮಹಾತ್ಮ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆಯು 37 ವಿಶ್ವವಿದ್ಯಾಲಯಗಳಲ್ಲಿ 40,000 ಸ್ವಯಂಸೇವಕರೊಡನೆ ಆರಂಭವಾಯಿತು. ತನಗಿಂತ ಮೊದಲು ಇನ್ನೊಬ್ಬರನ್ನು ನೆನೆಯಬೇಕೆಂಬುದು ಆ ಯೋಜನೆಯ ಧ್ಯೇಯ. ಅದನ್ನು ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ಸೇವೆ ಸಲ್ಲಿಸಬೇಕು. ದತ್ತು ಗ್ರಾಮದಲ್ಲಿ ಏಳು ದಿನಗಳ ವಿಶೇಷ ಶಿಬಿರದಲ್ಲಿ ಪಾಲ್ಗೊಳ್ಳಬೇಕು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು ಹದಿಹರೆಯದವರಲ್ಲಿಯೇ ಕೆಲವರನ್ನು ಸಹಪಾಠಿಗಳ ಮಾರ್ಗದರ್ಶಕರನ್ನಾಗಿ ತಯಾರುಮಾಡುವ ಮಾರ್ಗ ಹಿಡಿಯಿತು. 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಮೊದಲಾದ ನಶಾಮುಕ್ತ ಭಾರತ ಅಭಿಯಾನವೂ ಯುವ ಸ್ವಯಂಸೇವಕರನ್ನೇ ನೆಚ್ಚಿಕೊಂಡಿತು. ಚೌಕಟ್ಟು ಸಿದ್ಧವಾಗಿದೆ. ಅದರೊಳಗೆ ಜೀವ ತುಂಬುವುದು ಹೇಗೆಂಬುದೇ ವಿಚಾರಿಸಬೇಕಾದ ಸಂಗತಿ.

ಏಕೆಂದರೆ ಒಳ್ಳೆಯ ಕೆಲಸವೂ ತಪ್ಪು ರೀತಿಯಲ್ಲಿ ನಡೆದರೆ ಫಲಿಸದು. ಜೂನ್ 26 ಅಂತರರಾಷ್ಟ್ರೀಯ ಮಾದಕ ವಸ್ತು ವಿರೋಧಿ ದಿನ. ಅಂದು ಊರಿನ ಬೀದಿಯಲ್ಲಿ ಮೆರವಣಿಗೆ ಹೊರಟು, ಘೋಷಣೆ ಕೂಗಿ, ಪ್ರತಿಜ್ಞೆ ಮಾಡಿ ಮನೆಗೆ ಹೋಗುವುದು ಸುಲಭ. ಜೂನ್ 27ರಂದು ಆ ಹುಡುಗನ ಪಕ್ಕದಲ್ಲಿ ಯಾರಿದ್ದಾರೆ ಎಂದು ಕೇಳಿಕೊಳ್ಳುವುದು ಕಷ್ಟ. ಭಯ ಹುಟ್ಟಿಸಿದರೆ ಸಾಕೆಂದು ಬಗೆಯುವುದೂ ತಪ್ಪು. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ 1983ರಲ್ಲಿ ಸಮವಸ್ತ್ರ ಧರಿಸಿದ ಪೊಲೀಸರು ತರಗತಿಗಳಿಗೆ ಹೋಗಿ ಮಾದಕ ವಸ್ತುಗಳ ವಿರುದ್ಧ ಪಾಠ ಹೇಳುವ ಕಾರ್ಯಕ್ರಮವೊಂದು ಆರಂಭವಾಯಿತು. ಅದು ಆ ದೇಶದಲ್ಲೆಲ್ಲ ಹರಡಿತು. ಅಪಾರ ಹಣವೂ ಅದಕ್ಕೆ ವೆಚ್ಚವಾಯಿತು. ಸಂಶೋಧಕರು ಅದರ ಪರಿಣಾಮವನ್ನು ಅಳೆದು ನೋಡಿದಾಗ, ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಮುಂದೆ ಆ ಕಾರ್ಯಕ್ರಮವೇ ತನ್ನ ಪಾಠಕ್ರಮವನ್ನು ಬದಲಿಸಿಕೊಳ್ಳಬೇಕಾಯಿತು.

ಇದಕ್ಕೆ ಪ್ರತಿಯಾಗಿ ಬ್ರಿಟನ್ನಿನಿಂದ ಬಂದ ಒಂದು ಅನುಭವವನ್ನು ನೋಡಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 59 ಶಾಲೆಗಳಲ್ಲಿ 12-13 ವರ್ಷದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಪ್ರಯೋಗವೊಂದು ನಡೆಯಿತು. ಅದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಅಲ್ಲಿ ಅಧ್ಯಾಪಕರು ಯಾರನ್ನೂ ಆರಿಸಲಿಲ್ಲ. ತಮ್ಮಲ್ಲಿ ಯಾರ ಮಾತಿಗೆ ಬೆಲೆಯಿದೆ ಎಂಬುದನ್ನು ಮಕ್ಕಳೇ ಸೂಚಿಸಿದರು. ಹಾಗೆ ಆಯ್ಕೆಯಾದವರಿಗೆ ಎರಡು ದಿನ ತರಬೇತಿ ಕೊಡಲಾಯಿತು. ಅನಂತರ ಅವರು ಭಾಷಣ ಮಾಡಲಿಲ್ಲ. ಊಟದ ಬಿಡುವಿನಲ್ಲಿ, ಆಟದ ಬಯಲಿನಲ್ಲಿ, ಮನೆಗೆ ಹೋಗುವ ದಾರಿಯಲ್ಲಿ ಧೂಮಪಾನದ ಬಗೆಗೆ ಸಹಜವಾಗಿ ಮಾತನಾಡಿದರು. ಅಂತಹ ಶಾಲೆಗಳಲ್ಲಿ ಧೂಮಪಾನಕ್ಕೆ ಇಳಿದ ಮಕ್ಕಳ ಪ್ರಮಾಣ ಉಳಿದ ಶಾಲೆಗಳಿಗಿಂತ ಕಡಿಮೆಯಾಯಿತು. ಅಲ್ಲಿ ಮಾತನಾಡಿದವರು ಸಮವಯಸ್ಕರು. ಇಲ್ಲಿ ಬೇಕಾಗಿರುವವರು ಐದಾರು ವರ್ಷ ಹಿರಿಯರು. ಆದರೂ ಕಲಿಯಬೇಕಾದ ಪಾಠ ಒಂದೇ. ಮಕ್ಕಳು ತಾವಾಗಿ ಗೌರವಿಸುವವರ ಮಾತು, ಅದು ಹರಟೆಯಷ್ಟು ಸಹಜವಾಗಿದ್ದಾಗ, ಕೆಲಸಮಾಡುತ್ತದೆ.

ಹೀಗಿರುವಾಗ ಕಾಲೇಜಿನ ಸ್ವಯಂಸೇವಕನು ಮಾಡಬೇಕಾದ ಕೆಲಸಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಅವನು ಮತ್ತೆ ಮತ್ತೆ ಬರಬೇಕು. ತಿಂಗಳಿಗೆ ನೂರು ಮಕ್ಕಳೆದುರು ಒಂದು ಭಾಷಣಕ್ಕಿಂತ, ವಾರಕ್ಕೊಮ್ಮೆ ಹತ್ತು ಮಕ್ಕಳೊಡನೆ ಒಂದು ಗಂಟೆ ಮೇಲು. ಎರಡನೆಯದಾಗಿ, ಅವನು ಬರಿಗೈಯಲ್ಲಿ ಬರಬಾರದು. ಗಣಿತದ ಲೆಕ್ಕವನ್ನೋ ಇಂಗ್ಲಿಷಿನ ಪಾಠವನ್ನೋ ಹೇಳಿಕೊಡಬೇಕು. ಗುಳೆಯಿಂದ ಮರಳಿದ ಮಗುವಿಗೆ ತಪ್ಪಿಹೋದ ಅಧ್ಯಾಯಗಳನ್ನು ತಿಳಿಸಬೇಕು. ಸಂಜೆ ಅವರೊಡನೆ ಕಬಡ್ಡಿ, ಕೊಕ್ಕೊ ಆಡಬೇಕು. ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶದಲ್ಲಿ 1998ರಲ್ಲಿ 15-16 ವರ್ಷದ ಮಕ್ಕಳಲ್ಲಿ ಶೇಕಡ 23ರಷ್ಟು ಮಂದಿ ದಿನವೂ ಸಿಗರೇಟು ಸೇದುತ್ತಿದ್ದರು. ಮಕ್ಕಳಿಗೆ ಆಟ, ಸಂಗೀತ, ಮನೆಯವರ ಒಡನಾಟ ಹೆಚ್ಚಾಗಿ ಸಿಗುವಂತೆ ಇಡೀ ದೇಶ ಶ್ರಮಿಸಿದ್ದರಿಂದ 2016ರ ಹೊತ್ತಿಗೆ ಅದು ಶೇಕಡ 3ಕ್ಕೆ ಇಳಿಯಿತು. ಖಾಲಿ ಹೊಲದಲ್ಲಿ ಕಳೆ ಬೆಳೆಯುತ್ತದೆ. ಬೆಳೆ ತುಂಬಿದ ಹೊಲದಲ್ಲಿ ಅದಕ್ಕೆ ಜಾಗ ಕಡಿಮೆ. ಮಗುವಿನ ಸಂಜೆಯೂ ಹಾಗೆಯೇ.

ಮೂರನೆಯದಾಗಿ, ಬೇಡವೆನ್ನುವುದನ್ನು ಕಲಿಸಬೇಕು. ಇದು ಹೇಳಿದಷ್ಟು ಸುಲಭವಲ್ಲ. ಕೆಟ್ಟದ್ದೆಂದು ತಿಳಿದಿದ್ದೂ ಬೇಡವೆನ್ನಲಾರದೆ ಸೋತವರೇ ಹೆಚ್ಚು. ಗೆಳೆತನವೂ ಉಳಿಯಬೇಕು, ಚೀಟಿಯೂ ಕೈಗೆ ಬರಬಾರದು. ಅಂತಹ ಮಾತನ್ನು ಹುಡುಗ ಕಲಿಯಬೇಕು. “ನಿನ್ನ ಕೂಡ ಆಡಾಕ ಬರ್ತೀನಿ, ಅದು ಮಾತ್ರ ನನಗ ಬ್ಯಾಡ” ಎಂದು ನಗುತ್ತಲೇ ಹೇಳಿ ಮುಂದೆ ನಡೆಯುವುದನ್ನು ಪುಟ್ಟ ನಾಟಕದಂತೆ ಆಡಿ ಆಡಿ ರೂಢಿಸಬಹುದು. ಬಾಯಿಪಾಠವಾದ ಮಗ್ಗಿ ಪರೀಕ್ಷೆಯಲ್ಲಿ ತಾನಾಗಿ ನಾಲಗೆಗೆ ಬರುವಂತೆ, ರೂಢಿಯಾದ ಈ ಮಾತೂ ಪಾನ್ ಅಂಗಡಿಯ ಮುಂದೆ ತಾನಾಗಿ ಬರುತ್ತದೆ.

ಈ ವಿಚಾರಕ್ಕೆ ಆಕ್ಷೇಪಗಳೂ ಇಲ್ಲದಿಲ್ಲ. ಮಕ್ಕಳಿಗೆ ಇದನ್ನೆಲ್ಲ ಹೇಳಿದರೆ ಇಲ್ಲದ ಕುತೂಹಲ ಹುಟ್ಟಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಯೋಗ್ಯವಾದುದೇ. ವಸ್ತುಗಳನ್ನು ತೋರಿಸಿ, ಅವುಗಳ ಬಳಕೆಯನ್ನು ವರ್ಣಿಸಿ ಹೇಳುವುದು ಖಂಡಿತವಾಗಿಯೂ ಅವಿವೇಕ. ಆದರೆ ಅಂಗಡಿಯ ಮುಂದೆ ಚೀಟಿಗಳ ಮಾಲೆ ತೂಗುತ್ತಿರುವಾಗ, ಮೊಬೈಲಿನ ಪರದೆಯ ಮೇಲೆ ನಾಯಕನು ಹೊಗೆಯುಗುಳುತ್ತಿರುವಾಗ, ಮಗುವಿಗೆ ಏನೂ ತಿಳಿದಿಲ್ಲವೆಂದು ಬಗೆಯುವುದು ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಜಾಣತನ. ಮಗುವಿಗೆ ಅರ್ಧ ತಿಳಿದಿದೆ. ಆ ಅರ್ಧವನ್ನು ಕಲಿಸಿದವರು ಮಾರುವವರು. ಉಳಿದರ್ಧವನ್ನು ಹಿತೈಷಿಗಳು ಕಲಿಸಬೇಕು.

ಕಾಲೇಜಿನ ಹುಡುಗರಿಗೆ ಈ ಕೆಲಸ ಮಾಡಲು ಅರ್ಹತೆಯೆಲ್ಲಿದೆ ಎಂಬುದು ಇನ್ನೊಂದು ಆಕ್ಷೇಪ. ಅವರು ವೈದ್ಯರಲ್ಲ ಎಂಬುದು ನಿಜ. ವೈದ್ಯರಂತೆ ನಟಿಸಲೂ ಬಾರದು. ಬಾವಿಗೆ ಬೀಳುವುದನ್ನು ತಡೆಯಲು ಅಣ್ಣ ಸಾಕು. ಬಿದ್ದವನ ಮುರಿದ ಎಲುಬನ್ನು ಕೂಡಿಸಲು ವೈದ್ಯರೇ ಬೇಕು. ವ್ಯಸನಕ್ಕೆ ಈಗಾಗಲೇ ಸಿಕ್ಕಿದ ಮಗುವನ್ನು ಗುರುತಿಸಿದೊಡನೆ, ಅದರ ಮಾನ ಕಳೆಯದಂತೆ, ನಂಬಿಕೆಗೆ ಅರ್ಹರಾದ ಅಧ್ಯಾಪಕರಿಗೂ ವೈದ್ಯರಿಗೂ ಒಪ್ಪಿಸುವುದು ಸ್ವಯಂಸೇವಕನ ಕರ್ತವ್ಯ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್‌ಗಳಿವೆ. ವ್ಯಸನದಿಂದ ಹೊರಬರಲು ಸಲಹೆ ಬೇಕಾದವರಿಗೆ 14446 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ಸಂಕಟದಲ್ಲಿರುವ ಮಕ್ಕಳಿಗಾಗಿ 1098 ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಶೇಷ ವಿಭಾಗವಿದೆ. ವ್ಯಸನವು ಚಿಕಿತ್ಸೆಯಿಂದ ಗುಣವಾಗಬಲ್ಲ ಕಾಯಿಲೆ. ಕಾನೂನು ಕೂಡ ಮಾರುವವನನ್ನೂ ಬಲಿಯಾದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ 1985ರ ಕಾಯಿದೆಯಲ್ಲಿಯೇ ರಕ್ಷಣೆಯ ಅವಕಾಶವಿದೆ. ಹೀಗಿರುವಾಗ ಸಿಕ್ಕಿಬಿದ್ದ ಮಗುವನ್ನು ಎಲ್ಲರೆದುರು ನಿಲ್ಲಿಸಿ ಹೀಯಾಳಿಸುವುದು ನ್ಯಾಯವೇ? ನಗೆಗೆ ಅಂಜಿ ಚೀಟಿ ಹಿಡಿದ ಹುಡುಗನನ್ನು ನಗೆಯಿಂದಲೇ ತಿದ್ದಲಾಗದು.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಕಟುವಾದುದು. ಕಾಲೇಜಿನ ವಿದ್ಯಾರ್ಥಿಗಳಲ್ಲಿಯೇ ವ್ಯಸನವಿರುವಾಗ ಅವರು ಯಾರನ್ನು ತಿದ್ದಬಲ್ಲರು? ಜೇಬಿನಲ್ಲಿ ಸಿಗರೇಟಿಟ್ಟುಕೊಂಡು ವ್ಯಸನಮುಕ್ತಿಯ ಫಲಕ ಹಿಡಿದ ತರುಣನು ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂಬ ಮಾತಿಗೆ ಉದಾಹರಣೆಯಾಗುತ್ತಾನೆ. ಮಕ್ಕಳ ಕಣ್ಣು ಬಹಳ ಚುರುಕು. ಮಾತಿಗೂ ನಡತೆಗೂ ಇರುವ ಬಿರುಕನ್ನು ಅವರು ಎಲ್ಲರಿಗಿಂತ ಮೊದಲು ಕಾಣುತ್ತಾರೆ. ನಡೆ ಮತ್ತು ನುಡಿ ಒಂದಾಗಬೇಕೆಂದು ಬಾಳಿ ತೋರಿಸಿದ ಶರಣರ ನೆಲವಿದು. ದೇವರ ದಾಸಿಮಯ್ಯನ ಮುದನೂರು ಇರುವುದು ಈ ಸುರಪುರದ ಸೀಮೆಯಲ್ಲಿಯೇ. ಆದುದರಿಂದ ಸ್ವಯಂಸೇವಕನ ಮೊದಲ ವಿದ್ಯಾರ್ಥಿ ಅವನೇ ಆಗಿರಬೇಕು. ಆದರೆ ಈ ಆಕ್ಷೇಪವು ಸೇವೆಯನ್ನು ಕೈಬಿಡಲು ಕಾರಣವಾಗದು. ಸೇವೆಯನ್ನು ಕೈಗೊಳ್ಳಲು ಅದೇ ಬಲವಾದ ಕಾರಣ. ತಮ್ಮನೊಬ್ಬ ತನ್ನನ್ನು ನೋಡುತ್ತಿದ್ದಾನೆಂಬ ಅರಿವು ಅಣ್ಣನ ಕೈಯನ್ನೂ ಹಿಡಿದು ನಿಲ್ಲಿಸುತ್ತದೆ. ಕಾಪಾಡಲು ಹೊರಟವನು ತಾನೂ ಕಾಪಾಡಲ್ಪಡುತ್ತಾನೆ.

ವ್ಯಸನವನ್ನು ದ್ವೇಷಿಸಿ ವ್ಯಸನಿಯನ್ನು ಪ್ರೀತಿಸುವುದು ಹೇಗೆಂಬುದಕ್ಕೆ ದೂರದ ನಿದರ್ಶನವನ್ನು ಹುಡುಕಬೇಕಾಗಿಲ್ಲ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿದರು. ಜೋಳಿಗೆ ಹಿಡಿದವರು ಹಣವನ್ನೋ ದವಸವನ್ನೋ ಬೇಡುವುದು ವಾಡಿಕೆ. ಅವರಾದರೋ ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಕುಡಿತವನ್ನು, ತಂಬಾಕನ್ನು, ಬೀಡಿಯನ್ನು ಜೋಳಿಗೆಗೆ ಹಾಕಿ ಹಗುರಾಗಿರೆಂದು ಕೇಳಿಕೊಂಡರು. ಆ ಜೋಳಿಗೆ ಮಹಾಂತ ಜೋಳಿಗೆಯೆಂದೇ ನಾಡಿನಲ್ಲಿ ಹೆಸರಾಯಿತು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವನ್ನಾಗಿ ಆಚರಿಸಲಾಗುತ್ತಿದೆ. ಬೈದು ಬಿಡಿಸಲಾಗದ್ದನ್ನು ಅವರು ಬೇಡಿ ಬಿಡಿಸಿದರು. ಶಾಲೆಯ ಅಂಗಳಕ್ಕೆ ಬರುವ ಕಾಲೇಜಿನ ತರುಣನ ಹೆಗಲ ಮೇಲೆಯೂ ಕಣ್ಣಿಗೆ ಕಾಣದ ಅಂತಹದೊಂದು ಜೋಳಿಗೆ ಇರಬೇಕು.

ಇದರಿಂದ ಓದಿಗೆ ಅಡ್ಡಿಯಾಗುವುದೆಂಬ ಆತಂಕಕ್ಕೆ ಆಧಾರವಿಲ್ಲ. ವಾರದ ಒಂದೆರಡು ಗಂಟೆಗಳು ಯಾವ ಪದವಿಯನ್ನೂ ಕೆಡಿಸಲಾರವು. ಕಿರಿಯರಿಗೆ ಹೇಳಿಕೊಡುವವನಿಗೆ ತನ್ನ ವಿಷಯ ಹೆಚ್ಚು ಗಟ್ಟಿಯಾಗುತ್ತದೆ. ಕೇಳುವ ತಾಳ್ಮೆ, ಅಳುವವನೊಡನೆ ಮೌನವಾಗಿ ಕುಳಿತುಕೊಳ್ಳುವ ಸಹನೆ, ಗುಟ್ಟನ್ನು ಕಾಯುವ ಘನತೆ, ಇವು ಯಾವ ಪಠ್ಯಪುಸ್ತಕದಿಂದಲೂ ಸಂಪೂರ್ಣವಾಗಿ ಬರುವುದಿಲ್ಲ. ನಾಳೆ ಅಧ್ಯಾಪಕರೋ ದಾದಿಯರೋ ಅಧಿಕಾರಿಗಳೋ ಆಗಲಿರುವ ತರುಣರಿಗೆ ಇದಕ್ಕಿಂತ ಉತ್ತಮವಾದ ತರಬೇತಿ ಬೇರೊಂದಿರಲಾರದು. ಕಾಲೇಜುಗಳು ಅವರಿಗೆ ತಕ್ಕ ಶಿಕ್ಷಣ ಕೊಟ್ಟು, ಶಾಲೆಗಳು ಅವರಿಗೆ ಬಾಗಿಲು ತೆರೆದು, ಊರಿನ ಹಿರಿಯರು ಅವರ ಬೆನ್ನಿಗೆ ನಿಂತರೆ ಕಾರ್ಯ ಕೈಗೂಡುತ್ತದೆ. ಶಾಲೆಯ ಬಳಿ ತಂಬಾಕು ಮಾರುವುದನ್ನು ನಿಲ್ಲಿಸುವ ಹೊಣೆ ಮಾತ್ರ ದೊಡ್ಡವರದು ಮತ್ತು ಸರ್ಕಾರದ್ದು. ಅದನ್ನು ಮಕ್ಕಳ ಹೆಗಲಿಗೂ ಸ್ವಯಂಸೇವಕರ ಹೆಗಲಿಗೂ ಹೊರಿಸಿ ಅವರು ಕೈತೊಳೆದುಕೊಳ್ಳಬಾರದು.

ಮತ್ತೊಮ್ಮೆ ಹತ್ತಿ ಹೊಲದಿಂದ ಮರಳುವ ಆ ಹುಡುಗನನ್ನು ನೆನೆಯಬಹುದು. ಅದೇ ಸಂಜೆ, ಅದೇ ಅಂಗಡಿ, ಅದೇ ಜೊತೆಗಾರ, ಅದೇ ಹರಿದ ಚೀಟಿ. ಆದರೆ ಈ ಸಲ ಅವನ ಮನಸ್ಸಿನಲ್ಲಿ ಇನ್ನೊಂದು ಮುಖವಿದೆ. ಭಾನುವಾರ ಶಾಲೆಯ ಕಟ್ಟೆಯ ಮೇಲೆ ಕುಳಿತು ಲೆಕ್ಕ ಹೇಳಿಕೊಟ್ಟ, ತಪ್ಪಾದಾಗ ನಗದಿದ್ದ, ಮುಂದಿನ ಭಾನುವಾರವೂ ಬರುತ್ತೇನೆಂದು ಹೇಳಿ ತಪ್ಪದೆ ಬಂದ ಅಣ್ಣನ ಮುಖ. ಹುಡುಗ ಚೀಟಿಯನ್ನು ಹಿಂದಕ್ಕೆ ಕೊಟ್ಟು, ಗೆಳೆಯನ ಹೆಗಲ ಮೇಲೆ ಕೈಯಿಟ್ಟು, ಮನೆಯತ್ತ ಹೆಜ್ಜೆ ಹಾಕುತ್ತಾನೆ. ಯಾರೂ ಅದನ್ನು ಗಮನಿಸುವುದಿಲ್ಲ. ಯಾವ ಪತ್ರಿಕೆಯಲ್ಲಿಯೂ ಅದು ಅಚ್ಚಾಗುವುದಿಲ್ಲ. ಆದರೂ ಅದು ಗೆಲುವು. ಐದು ವರ್ಷಗಳ ಅನಂತರ ಅದೇ ಹುಡುಗ ಶಹಾಪುರದ ಕಾಲೇಜಿನಿಂದ ಸಂಜೆಯ ಬಸ್ಸಿನಲ್ಲಿ ಊರಿಗೆ ಬಂದಿಳಿಯುವಾಗ, ಶಾಲೆಯ ಕಟ್ಟೆಯ ಮೇಲೆ ಅವನಿಗಾಗಿ ಕಾದಿರುವ ಹತ್ತು ಕಿರಿಯರಿರಬೇಕು. ಒಂದು ದೀಪದಿಂದ ಇನ್ನೊಂದು ದೀಪ ಹೊತ್ತಿಕೊಳ್ಳುವುದು ಹೀಗೆಯೇ. ಹೊತ್ತಿಸಿದ ದೀಪದ ಬೆಳಕು ಅದರಿಂದ ಕಡಿಮೆಯಾಗುವುದಿಲ್ಲ.